ಹಳೆ ಮದ್ರಾಸ್ ರಸ್ತೆಯ ಸೈಕಲ್ ಮಾರ್ಗ

ಹಳೆ ಮದ್ರಾಸ್ ರಸ್ತೆಯು ಬೆಂಗಳೂರಿನ ಹಲಸೂರಿನಿಂದ ಪೂರ್ವ ದಿಕ್ಕಿಗೆ ಸಾಗುವ ಹೆದ್ದಾರಿ. ನಗರದಿಂದ ಕೋಲಾರದ ಬಯಲುಸೀಮೆಗೆ ಸೈಕಲ್ಲಿನಲ್ಲಿ ತೆರಳುವವರು ಬಳಸುವ ದೂರದ ಮಾರ್ಗಗಳಲ್ಲಿ ಇದೂ ಒಂದು. ಹಲಸೂರಿನಿಂದ ಕೋಲಾರಕ್ಕೆ ಸುಮಾರು 65 ಕಿ.ಮೀ. ದೂರವಿದೆ.

ಮಾರ್ಗ

ಹಲಸೂರು ಸೋಮೇಶ್ವರ ದೇವಾಲಯದ ಸಮೀಪದಿಂದ ಹೊರಡುವ ದಾರಿಯು ಇಂದಿರಾನಗರದ ಉತ್ತರದ ಅಂಚು, ಬೈಯಪ್ಪನಹಳ್ಳಿ ಹಾಗೂ ಕೃಷ್ಣರಾಜಪುರದ ತೂಗುಸೇತುವೆಯನ್ನು ದಾಟಿ ಹೊಸಕೋಟೆಯನ್ನು ತಲುಪುತ್ತದೆ. ಮುಂದೆ ಇದು ರಾಷ್ಟ್ರೀಯ ಹೆದ್ದಾರಿ 75ರ ಭಾಗವಾಗಿದೆ. ಪ್ರಸ್ಥಭೂಮಿಯ ಮೇಲಿನ ಈ ದಾರಿಯಲ್ಲಿ ಘಟ್ಟದಂತಹ ಕಡಿದಾದ ಏರುಗಳಿಲ್ಲ.

ಐತಿಹಾಸಿಕ ಸ್ಥಳಗಳು

ಕೋಲಾರವು ಗಂಗರ ಮೊದಲ ರಾಜಧಾನಿಯಾಗಿತ್ತು. ಅನಂತರ ಅವರು ತಲಕಾಡಿಗೆ ನೆಲೆ ಬದಲಿಸಿದರು. ಚೋಳರ ಕಾಲದ ಶಾಸನಗಳಿರುವ ಕೋಲಾರಮ್ಮ ದೇವಾಲಯ, ವಿಜಯನಗರ ಶೈಲಿಯ ಸೋಮೇಶ್ವರ ದೇವಾಲಯ ಮತ್ತು ಹೈದರ್ ಅಲಿಯ ತಂದೆಯ ಸಮಾಧಿ ಇಲ್ಲಿವೆ. ಪಟ್ಟಣದ ಪಕ್ಕದಲ್ಲಿ ಅಂತರಗಂಗೆ ಬೆಟ್ಟವಿದೆ.

ಪರಿಸರ

ವರ್ಷವಿಡೀ ಹರಿಯುವ ನದಿಗಳಿಲ್ಲದ ಕೋಲಾರ ಜಿಲ್ಲೆಯ ಕೃಷಿ ಕೆರೆ ಮತ್ತು ಕೊಳವೆಬಾವಿಗಳನ್ನು ಅವಲಂಬಿಸಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರನ್ನು ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ.

ಸುರಕ್ಷತೆ

ಸೈಕಲ್ಲುಗಳಿಗೆ ಪ್ರತ್ಯೇಕ ಪಥವಿಲ್ಲದ ಕಾರಣ ಸವಾರರು ಲಾರಿ, ಬಸ್ಸುಗಳ ನಡುವೆಯೇ ಸಾಗಬೇಕಾಗುತ್ತದೆ. ಸರ್ವಿಸ್ ರಸ್ತೆಗಳು ಹೆದ್ದಾರಿಯನ್ನು ಸೇರುವ ಕಡೆಗಳಲ್ಲಿ ಅಪಾಯ ಹೆಚ್ಚು. ಆದ್ದರಿಂದ ವಾಹನ ದಟ್ಟಣೆ ಕಡಿಮೆಯಿರುವ ಮುಂಜಾನೆಯ ಹೊತ್ತು ಸವಾರಿಗೆ ಸೂಕ್ತ. ಬೆಳಕು ಹರಿಯುವ ಮುನ್ನ ಹೊರಡುವವರಿಗೆ ಮುಂದೀಪ, ಹಿಂದೀಪ ಮತ್ತು ಹೆಲ್ಮೆಟ್ ಅವಶ್ಯಕ.