ಗಾಜು ಕೊಳ್ಳೋಕೆ ದುಡ್ಡಿಲ್ಲದ ಮೇಷ್ಟ್ರು, ನಮ್ಮಮ್ಮನ ಪೈಪ್ ಮನೆ

ಇವತ್ತಿನ ಕಥೆ ಶುರುವಾಗೋದು ಒಂದು ಹರಿದ ಪ್ಲಾಸ್ಟಿಕ್ ಹಾಳೆಯಿಂದ.

ನಮ್ಮೂರು ಚಿಂತಾಮಣಿ ಕಡೆ. ಅಲ್ಲಿ ಟೊಮೆಟೊ ಅಂದ್ರೆ ಬರೀ ತರಕಾರಿ ಅಲ್ಲ, ಅದೊಂಥರಾ ಜೂಜು. ಅಮ್ಮ ಆ ಜೂಜಿಗೆ ಕೈ ಹಾಕಲ್ಲ. ಆಡೋರಿಗೆ ಸಸಿ ಮಾರ್ತಾರೆ. 98 ಗುಳಿಯ ಟ್ರೇ ಇರುತ್ತಲ್ಲ, ಅದ್ರಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಬೀಜ ಹಾಕಿ, 25 ದಿನ ಸಾಕಿ ಕೊಡೋದು. ಎರಡು ವರ್ಷದ ಹಿಂದೆ ಅಮ್ಮ ಚೀಟಿ ಎತ್ತಿದ ದುಡ್ಡು ಕೈಯಲ್ಲಿಟ್ಟು, "ಮಳೆ ತಡೆಯೋ ಥರ ಏನಾದ್ರೂ ಕಟ್ಟಿಸ್ಕೊಡು" ಅಂದ್ರು. ನಾನು ಬಿಕಾಂ. ಕಟ್ಟಿಸೋದು ಯಾಕೆ, ನಾನೇ ಕಟ್ತೀನಿ ಅಂದೆ. ಬೋರ್‌ವೆಲ್‌ಗೆ ತಂದು ಉಳಿದಿದ್ದ ಪ್ಲಾಸ್ಟಿಕ್ ಪೈಪು ಬಗ್ಗಿಸಿ, ಅಂಗಡೀಲಿ ಸಿಕ್ಕ ಅಗ್ಗದ ಹಾಳೆ ಹೊದಿಸಿ, ಎರಡು ವಿಡಿಯೋ ನೋಡಿದ ಧೈರ್ಯದಲ್ಲಿ ಒಂದು ಗ್ರೀನ್‌ಹೌಸ್ ಎಬ್ಬಿಸಿದೆ. ಅದು ಎರಡು ಸಲ ಸತ್ತಿತು. ಯಾಕೆ ಅಂತ ಹುಡುಕ್ತಾ ಹೋದವನಿಗೆ ಎರಡು ಸಾವಿರ ವರ್ಷದ ಕಥೆ ಸಿಕ್ತು.

ರೋಮ್‌ನಲ್ಲಿ ಟೈಬೀರಿಯಸ್ ಅಂತ ಚಕ್ರವರ್ತಿ ಇದ್ದ. ಯೇಸುಕ್ರಿಸ್ತನನ್ನು ಶಿಲುಬೆಗೇರಿಸಿದ ಕಾಲದಲ್ಲಿ ಆಳ್ತಿದ್ದೋನು ಇವನೇ. ಅವನಿಗೆ ದಿನಾ ಊಟಕ್ಕೆ ಸೌತೆಕಾಯಿ ಬೇಕು. ಚಳಿಗಾಲದಲ್ಲೂ ಬೇಕು. ತೋಟದವರು ಏನು ಮಾಡಿದ್ರು ಅಂತ ಪ್ಲಿನಿ ಅನ್ನೋ ಲೇಖಕ ಬರೆದಿಟ್ಟಿದ್ದಾನೆ: ಪಾತಿಗಳಿಗೆ ಚಕ್ರ ಹಾಕಿ ಬಿಸಿಲಿಗೆ ತಳ್ಳೋರಂತೆ, ಚಳಿ ಬಂದಾಗ ಬೆಳಕು ಹಾಯೋ ತೆಳು ಕಲ್ಲಿನ ಹಾಳೆ ಮುಚ್ಚಿ ಒಳಗೆ ಎಳ್ಕೊಳ್ಳೋರಂತೆ. ಒಬ್ಬನ ಸೌತೆಕಾಯಿಗೆ ಇಷ್ಟು ಕೆಲಸ! ಇನ್ನು ಕೊರಿಯಾದಲ್ಲಿ, 1450ರ ಸುಮಾರಿಗೆ, ಅರಮನೆ ವೈದ್ಯನೊಬ್ಬ ಬರೆದ ಅಡುಗೆ-ಕೃಷಿ ಪುಸ್ತಕದಲ್ಲಿ ಚಳಿಗಾಲದಲ್ಲಿ ತರಕಾರಿ ಬೆಳೆಯೋ ಮನೆ ಕಟ್ಟೋ ವಿಧಾನ ಇದೆ. ಮೂರು ಕಡೆ ಮಣ್ಣಿನ ಗೋಡೆ, ದಕ್ಷಿಣಕ್ಕೆ ಎಣ್ಣೆ ಹಚ್ಚಿದ ಕಾಗದದ ಕಿಟಕಿ, ನೆಲದಡಿ ಬೆಂಕಿಯ ಬಿಸಿ. ಗಾಜೇ ಇಲ್ಲ! ಈ ಪುಸ್ತಕ ಮತ್ತೆ ಬೆಳಕಿಗೆ ಬಂದಿದ್ದು 2001ರಲ್ಲಿ.

ಆಮೇಲೆ ಯುರೋಪಿನವರು ಗಾಜು ಹಿಡಿದ್ರು. ಗಾಜು ಹಿಡಿದ ಕೂಡಲೇ ಇದು ದುಡ್ಡಿರೋರ ಆಟ ಆಯ್ತು. ಬ್ರಿಟನ್‌ನಲ್ಲಿ 1746ರಿಂದ ಗಾಜಿನ ಮೇಲೆ ತೆರಿಗೆ ಇತ್ತು, ಅದೂ ತೂಕದ ಲೆಕ್ಕದಲ್ಲಿ. ನೂರು ವರ್ಷದ ಹತ್ರ ಹಾಗೇ ನಡೀತು. ಆ ತೆರಿಗೆ ಇರುವಾಗ್ಲೇ ಜೋಸೆಫ್ ಪ್ಯಾಕ್ಸ್‌ಟನ್ ಅನ್ನೋ ತೋಟಗಾರ, ಚಾಟ್ಸ್‌ವರ್ತ್ ಅನ್ನೋ ಕಡೆ ತನ್ನ ಡ್ಯೂಕ್ ಯಜಮಾನನಿಗೆ ಒಂದು ದೈತ್ಯ ಗಾಜಿನ ಮನೆ ಕಟ್ಟಿಕೊಟ್ಟ. ಮುಗಿದಿದ್ದು 1840ರ ಸುಮಾರಿಗೆ. ಒಳಗೆ ಕುದುರೆ ಗಾಡಿ ಓಡಿಸಬಹುದಿತ್ತು. ಕೆಳಗೆ ಬಾಯ್ಲರ್‌ಗಳು ಕಲ್ಲಿದ್ದಲು ತಿಂತಾ ಕೂತಿದ್ದವು. 1845ರಲ್ಲಿ ಗಾಜಿನ ತೆರಿಗೆ ಹೋಯ್ತು. ಆರೇ ವರ್ಷಕ್ಕೆ, 1851ರಲ್ಲಿ, ಅದೇ ಪ್ಯಾಕ್ಸ್‌ಟನ್ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ನಿಲ್ಲಿಸಿದ. ತೆರಿಗೆ ಹೋಗದಿದ್ರೆ ಆ ಬಿಲ್ ಯಾರು ಕಟ್ಟೋರು ಅಂತ ನನ್ನಂಥ ಲೆಕ್ಕದ ತಲೆಗೆ ಹೊಳೀದೇ ಇರಲ್ಲ.

ಈ ಕ್ರಿಸ್ಟಲ್ ಪ್ಯಾಲೇಸಿನ ನೆಂಟ ನಮ್ಮಲ್ಲೇ ಇದ್ದಾನೆ. ಲಾಲ್‌ಬಾಗ್ ಗಾಜಿನ ಮನೆ. 1889ರ ನವೆಂಬರ್ 30ಕ್ಕೆ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬಂದು ಅಡಿಗಲ್ಲು ಇಟ್ಟಿದ್ದು. ಆಗ ತೋಟ ನೋಡ್ಕೊಳ್ತಿದ್ದೋರು ಜಾನ್ ಕ್ಯಾಮರಾನ್. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಲ್ಲಿ ಸೆಲ್ಫಿ ತಗೊಳ್ಳೋವಾಗ ನೀವು ಗಮನಿಸಿರಲ್ಲ, ಮುಂದಿನ ಸಲ ನೋಡಿ: ಅದರ ಪಕ್ಕಗಳು ತೆರೆದೇ ಇವೆ. ಬೆಂಗಳೂರಿನ ಹವೆಗೆ ಬಿಸಿ ಹಿಡಿದಿಡೋ ದರ್ದು ಎಲ್ಲಿದೆ? ಮೇಲೆ ಚಾವಣಿ, ಪಕ್ಕದಲ್ಲಿ ಗಾಳಿ. ಈ ಮಾತು ನೆನಪಿಟ್ಕೊಳ್ಳಿ, ನಾನು ನೆನಪಿಟ್ಕೊಳ್ಳದೆ ಕೆಟ್ಟೆ.

ಚಾಟ್ಸ್‌ವರ್ತ್ ಮನೆ ಏನಾಯ್ತು? ಮೊದಲನೇ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗಲಿಲ್ಲ. ಗಿಡ ಸತ್ತವು. 1920ರಲ್ಲಿ ಸಿಡಿಮದ್ದು ಇಟ್ಟು ಕೆಡವಿದ್ರು. ಬಂಡವಾಳ ಹಾಕೋದು ಒಂದು ಖರ್ಚು, ಸಾಕೋದು ಇನ್ನೊಂದು. ನಮ್ಮ ಕಾಸ್ಟ್ ಅಕೌಂಟಿಂಗ್ ಮೇಡಂ ಇದನ್ನೇ ಹೇಳಿ ಹೇಳಿ ಸಾಕಾಗಿದ್ರು.

ಈಗ ಪ್ಲಾಸ್ಟಿಕ್. 1933ರ ಮಾರ್ಚ್, ಇಂಗ್ಲೆಂಡಿನ ಒಂದು ರಾಸಾಯನಿಕ ಕಂಪನಿ ಲ್ಯಾಬು. ರೆಜಿನಾಲ್ಡ್ ಗಿಬ್ಸನ್, ಎರಿಕ್ ಫಾಸೆಟ್ ಅಂತ ಇಬ್ಬರು ಎಥಿಲೀನ್ ಅನಿಲವನ್ನು ಭಾರೀ ಒತ್ತಡದಲ್ಲಿಟ್ಟು ಬೇರೇನೋ ಮಾಡೋಕೆ ಹೊರಟಿದ್ರು. ಅದು ಆಗಲಿಲ್ಲ. ಪಾತ್ರೆಯ ತಳದಲ್ಲಿ ಬಿಳೀ ಮೇಣದ ಥರದ್ದೇನೋ ಉಳೀತು. ಅದೇ ಪಾಲಿಥೀನ್. ಎರಡನೇ ಮಹಾಯುದ್ಧದಲ್ಲಿ ಅದು ರಾಡಾರ್ ತಂತಿಗಳಿಗೆ ಹೊದಿಕೆ ಆಗಿ ದುಡೀತು. ಯುದ್ಧ ಮುಗಿದ ಮೇಲೆ ಅಗ್ಗ ಆಯ್ತು.

ನನಗೆ ಈ ಕಥೆಯಲ್ಲಿ ಎಲ್ಲರಿಗಿಂತ ಇಷ್ಟ ಆದೋರು ಎಮರಿ ಎಮ್ಮರ್ಟ್. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ ಪ್ರಾಧ್ಯಾಪಕ. ಅವರಿಗೆ ಪ್ರಯೋಗ ಮಾಡೋಕೆ ಗ್ರೀನ್‌ಹೌಸ್ ಬೇಕಿತ್ತು, ಗಾಜಿಗೆ ದುಡ್ಡಿರಲಿಲ್ಲ. ನಾವಾಗಿದ್ರೆ ಅರ್ಜಿ ಹಾಕಿ ಕೂರ್ತಿದ್ವಿ. ಎಮ್ಮರ್ಟ್ 1948ರಲ್ಲಿ ಮರದ ಚೌಕಟ್ಟು ಹೊಡೆದು ಅದಕ್ಕೆ ಸೆಲೊಫೇನ್ ಹಾಳೆ ಸುತ್ತಿದ್ರು. ಹೌದು, ಉಡುಗೊರೆ ಡಬ್ಬಕ್ಕೆ ಸುತ್ತೋ ಪರಪರ ಅನ್ನೋ ಹಾಳೆಯ ಜಾತಿಯದ್ದೇ. ಆಮೇಲೆ ಪಾಲಿಥೀನ್‌ಗೆ ಬಂದ್ರು. ಸಣ್ಣ ರೈತರು ತಾವೇ ಕಟ್ಕೊಳ್ಳೋ ಥರ ಕಡಿಮೆ ಖರ್ಚಿನ ಪ್ಲಾಸ್ಟಿಕ್ ಮನೆ ಬಗ್ಗೆ ಬರೆದ್ರು. ಸಾಲಿನ ಮೇಲೆ ಹೊದಿಸೋ ಹಾಳೆ, ನೆಲಕ್ಕೆ ಹಾಸೋ ಮಲ್ಚಿಂಗ್ ಹಾಳೆ ಇವುಗಳ ಮೇಲೂ ಕೆಲಸ ಮಾಡಿದ್ರು. ಇವತ್ತು ಕೋಲಾರ ರಸ್ತೆಯಲ್ಲಿ ಹೋದ್ರೆ ಹೊಲ ಹೊಲಕ್ಕೂ ಬೆಳ್ಳಿ ಬಣ್ಣದ ಹಾಳೆ ಮಿಂಚುತ್ತಲ್ಲ, ಆ ವಂಶಾವಳಿಯಲ್ಲಿ ಈ ಮೇಷ್ಟ್ರ ಹೆಸರಿದೆ. 1962ರಲ್ಲಿ ತೀರ್ಕೊಂಡ್ರು.

ಸರಿ, ನನ್ನ ಮನೆ ವಿಷಯಕ್ಕೆ ಬರೋಣ. ಲೆಕ್ಕ ಸುಲಭ. 20 ಅಡಿ ಪೈಪನ್ನು ಅರ್ಧ ವೃತ್ತವಾಗಿ ಬಗ್ಗಿಸಿದ್ರೆ, 20ನ್ನು 3.14ರಿಂದ ಭಾಗಿಸಿ: 6.37 ಅಡಿ. ಅದು ಎತ್ತರ. ಅದರ ಎರಡರಷ್ಟು ಅಗಲ, ಅಂದ್ರೆ 12 ಮುಕ್ಕಾಲು ಅಡಿ. ಅಮ್ಮ ಬಗ್ಗದೆ ಓಡಾಡಬಹುದು. 3 ಅಡಿ ಕಬ್ಬಿಣದ ಸರಳು ಅರ್ಧ ನೆಲಕ್ಕೆ ಹೊಡೆದು, ಉಳಿದರ್ಧಕ್ಕೆ ಪೈಪಿನ ಬಾಯಿ ತೂರಿಸೋದು, ಆ ಕಡೆಯೂ ಹಾಗೇ. 4 ಅಡಿಗೊಂದು ಕಮಾನು, 24 ಅಡಿ ಉದ್ದಕ್ಕೆ 7 ಕಮಾನು. ನೆತ್ತಿ ಮೇಲೆ ಉದ್ದಕ್ಕೊಂದು ಪೈಪು ಕಟ್ಟಿ ಎಲ್ಲವನ್ನೂ ಜೋಡಿಸಬೇಕು, ಇಲ್ಲಾಂದ್ರೆ ಗಾಳಿಗೆ ಕುಡಿದವರ ಥರ ತೂಗಾಡ್ತವೆ. ಒಂದು ದಿನದ ಕೆಲಸ. ಸಂಜೆ ಹೊತ್ತಿಗೆ ಅಕ್ಕಪಕ್ಕದ ಮಕ್ಕಳೆಲ್ಲ ಒಳಗೆ ಬಂದು ಕೂಗಿ ಪ್ರತಿಧ್ವನಿ ಕೇಳ್ತಿದ್ವು.

ಮೊದಲನೇ ಸಾವು ಹತ್ತೇ ದಿನಕ್ಕೆ. ಮಾರ್ಚ್ ಬಿಸಿಲು. ಗ್ರೀನ್‌ಹೌಸ್ ಅಂದ್ರೆ ಮುಚ್ಚಿರಬೇಕು ಅಂತ ನಾನು ಎರಡೂ ತುದಿ ಭದ್ರವಾಗಿ ಮುಚ್ಚಿ ಬೆಂಗಳೂರಿಗೆ ಹೋಗಿದ್ದೆ. ಅಮ್ಮ ಮಧ್ಯಾಹ್ನ ಒಳಗೆ ಹೋದಾಗ 40 ಟ್ರೇ ಸಸಿ ಬೇಯಿಸಿದ ಸೊಪ್ಪಿನ ಥರ ಮಲಗಿದ್ವು. ಯಾರೋ ಮುಂಗಡ ಕೊಟ್ಟಿದ್ದ ಸಸಿಗಳು. ಅಮ್ಮ ಫೋನಲ್ಲಿ ಬೈಲಿಲ್ಲ. "ಊಟ ಆಯ್ತಾ" ಅಂದ್ರು. ಅದು ಬೈಗುಳಕ್ಕಿಂತ ಜಾಸ್ತಿ ನಾಟಿತು.

ಆಮೇಲೆ ಓದಿದ್ದು: 1909ರಲ್ಲಿ ರಾಬರ್ಟ್ ವುಡ್ ಅನ್ನೋ ಅಮೆರಿಕದ ಭೌತವಿಜ್ಞಾನಿ ಎರಡು ಸಣ್ಣ ಪೆಟ್ಟಿಗೆ ಮಾಡಿದ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಮುಚ್ಚಳ. ಗಾಜು ಶಾಖದ ಕಿರಣವನ್ನು ಹೊರಗೆ ಬಿಡಲ್ಲ, ಕಲ್ಲುಪ್ಪು ಬಿಡುತ್ತೆ. ಹಾಗಾದ್ರೆ ಗಾಜಿನ ಪೆಟ್ಟಿಗೆ ತುಂಬಾ ಬಿಸಿ ಆಗ್ಬೇಕು, ಅಲ್ವಾ? ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾದ್ವು, 65 ಡಿಗ್ರಿ ಹತ್ರ. ಅಂದ್ರೆ ಗಾಜಿನ ಮನೆ ಬಿಸಿಯಾಗೋದು ಮುಖ್ಯವಾಗಿ ಕಿರಣವನ್ನು ಕೂಡಿಹಾಕಿ ಅಲ್ಲ, ಬಿಸಿ ಗಾಳಿ ಮೇಲೆದ್ದು ಹೋಗೋದನ್ನ ತಡೆದು. (ಭೂಮಿಯ ವಾತಾವರಣ ಕೆಲಸ ಮಾಡೋದು ಬೇರೆ ಥರ, ಅಲ್ಲಿ ಕಿರಣದ ಲೆಕ್ಕವೇ ಮುಖ್ಯ. ಹೆಸರೊಂದು ಹಾಗೇ ಅಂಟಿಕೊಂಡಿದೆ, ಅದನ್ನ ಹಿಡ್ಕೊಂಡು ಹವಾಮಾನ ಬದಲಾವಣೆ ಸುಳ್ಳು ಅಂತ ಕಾಮೆಂಟ್ ಹಾಕ್ಬೇಡಿ.) ಗಾಳಿ ಬಿಟ್ಟಿದ್ರೆ ಸಾಕಿತ್ತು. ಲಾಲ್‌ಬಾಗ್ ನೂರಾ ಮೂವತ್ತು ವರ್ಷದಿಂದ ಅದನ್ನೇ ಹೇಳ್ತಾ ನಿಂತಿದೆ.

ಎರಡನೇ ಸಾವು ಇನ್ನೂ ವಿಚಿತ್ರ. ಪಕ್ಕ ಬಿಚ್ಚಿ, ಸಸಿ ಮತ್ತೆ ಹಾಕಿದ್ವಿ. ಮುಂದಿನ ವರ್ಷ ಬೇಸಿಗೆ ಹೊತ್ತಿಗೆ ಹಾಳೆ ಹರೀತು. ಎಲ್ಲೆಂದರಲ್ಲಿ ಅಲ್ಲ. ಸರಿಯಾಗಿ ಪೈಪು ತಗುಲಿದ ಏಳು ಸಾಲಲ್ಲಿ, ಬ್ಲೇಡಲ್ಲಿ ಕೊಯ್ದ ಹಾಗೆ. ಗಾಳಿಗೆ ಉಜ್ಜಿರಬೇಕು ಅಂದುಕೊಂಡೆ. ಉಜ್ಜಿದ್ದೂ ಇರಬಹುದು, ಆದ್ರೆ ಅಸಲಿ ಕಳ್ಳ ಬೇರೆ. ಪಿವಿಸಿ ಅಂದ್ರೆ ಅದರಲ್ಲಿ ಕ್ಲೋರಿನ್ ಇದೆ. ಬಿಸಿಲಲ್ಲಿ ಕಾದ ಪೈಪು ಬಿಡೋ ಕ್ಲೋರಿನ್ ಅಂಶ, ಪಾಲಿಥೀನ್ ಹಾಳೆಗೆ ಬಿಸಿಲು ತಡೆಯೋಕೆ ಸೇರಿಸಿರೋ ರಾಸಾಯನಿಕವನ್ನೇ ತಿನ್ನುತ್ತೆ. ನನ್ನ ಅಗ್ಗದ ಹಾಳೇಲಿ ಆ ರಾಸಾಯನಿಕ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಎರಡೂ ಪ್ಲಾಸ್ಟಿಕ್ಕೇ ತಾನೇ, ಹೊಂದ್ಕೊಂಡು ಹೋಗ್ತಾವೆ ಅಂದ್ಕೊಂಡಿದ್ದೆ. ದಾಯಾದಿಗಳು ಅಂತ ಗೊತ್ತಿರಲಿಲ್ಲ.

ಪರಿಹಾರ ಸಣ್ಣದು. ಹಾಳೆ ಕೂರೋ ಜಾಗಕ್ಕೆ ಪೈಪಿಗೆ ಬಿಳಿ ಬಣ್ಣ ಬಳಿಯೋದು, ಅದರ ಮೇಲೆ ಬಟ್ಟೆ ಪಟ್ಟಿಯೋ ಫೋಮ್ ಟೇಪೋ ಸುತ್ತೋದು. ಪೈಪು ಕಾಯೋದೂ ಕಡಿಮೆ, ಪೈಪು ಬಿಸಿಲಿಗೆ ಪೆಡಸಾಗಿ ಒಡೆಯೋದೂ ತಡ. ಹಾಳೆ ಮಾತ್ರ ಯುವಿ ತಡೆಯೋ 200 ಮೈಕ್ರಾನ್‌ದೇ ತಗೊಳ್ಳಿ. ಅಲ್ಲಿ ಉಳಿಸೋ ದುಡ್ಡು ಉಳಿತಾಯ ಅಲ್ಲ, ಕೈಗಡ. ಈಗಿನ ಮನೆಗೆ ಕೆಳಗಿನ 3 ಅಡಿ ಎರಡೂ ಕಡೆ ಕೀಟ ತಡೆಯೋ ಬಲೆ, ಅದರ ಮೇಲೆ ಹಾಳೆ. ಗಾಳಿ ಆಡುತ್ತೆ, ಎಲೆ ಮುಟುರು ರೋಗ ತರೋ ಬಿಳಿ ನೊಣ ಒಳಗೆ ಬರೋದು ತೀರಾ ಕಡಿಮೆ.

ಇದೇ ಜುಗಾಡು ಕೈ ಮೀರಿ ಬೆಳೆದ್ರೆ ಹೇಗಿರುತ್ತೆ ಅಂತ ನೋಡ್ಬೇಕಾದ್ರೆ ಫೋನಲ್ಲಿ ಮ್ಯಾಪ್ ತೆಗೆದು ಸ್ಪೇನಿನ ಅಲ್ಮೇರಿಯಾ ಹುಡುಕಿ, ಉಪಗ್ರಹ ಚಿತ್ರ ಒತ್ತಿ. ಸಮುದ್ರದ ಪಕ್ಕ ಹಿಮ ಬಿದ್ದಂಗೆ ಬೆಳ್ಳಗೆ. ಅದು ಹಿಮ ಅಲ್ಲ, ಪ್ಲಾಸ್ಟಿಕ್. ಸುಮಾರು 30,000 ಹೆಕ್ಟೇರ್. ಒಂದು ಕಾಲಕ್ಕೆ ಆ ಪ್ರಾಂತ್ಯದ ಒಣ ನೆಲಕ್ಕೆ ದ್ರಾಕ್ಷಿ ಚಪ್ಪರ ಗೊತ್ತಿತ್ತು. 1960ರ ದಶಕದ ಶುರುವಿಗೆ ಅಂಥದೇ ಕಂಬ-ತಂತಿಯ ಚಪ್ಪರದ ಮೇಲೆ ಪ್ಲಾಸ್ಟಿಕ್ ಎಳೆದು ತರಕಾರಿ ಬೆಳೆದ್ರು. ಬೇಸಿಗೇಲಿ ಹಾಳೆಗೆ ಸುಣ್ಣ ಬಳೀತಾರೆ, ಒಳಗೆ ಸುಡದಿರಲಿ ಅಂತ. ಬಡ ಜಿಲ್ಲೆಯೊಂದು ಯುರೋಪಿಗೆಲ್ಲ ಚಳಿಗಾಲದ ಟೊಮೆಟೊ ಕಳಿಸೋ ಮಟ್ಟಕ್ಕೆ ಬಂತು. ಟೈಬೀರಿಯಸ್‌ನ ಸೌತೆಕಾಯಿ ಈಗ ಯಾವ ಸೂಪರ್‌ಮಾರ್ಕೆಟ್ಟಿನಲ್ಲಾದ್ರೂ ಸಿಗುತ್ತೆ.

ಆದ್ರೆ ಆ ಬಿಳಿ ಚಾವಣಿ ಅಡಿಯ ಸೆಕೆಯಲ್ಲಿ ಕೀಳೋರು ಹೆಚ್ಚಾಗಿ ಮೊರಾಕ್ಕೊ ಮತ್ತು ಆಫ್ರಿಕಾದ ಬೇರೆ ದೇಶಗಳಿಂದ ಬಂದವರು. ಎಷ್ಟೋ ಜನ ಹಳೇ ಪ್ಲಾಸ್ಟಿಕ್ ಹಾಳೆಯಿಂದ್ಲೇ ಮಾಡಿದ ಗುಡಿಸಲಲ್ಲಿ ಬದುಕ್ತಾರೆ. 2000ದ ಫೆಬ್ರವರಿಯಲ್ಲಿ ಅಲ್ಲಿನ ಎಲ್ ಎಹಿದೊ ಪಟ್ಟಣದಲ್ಲಿ ಈ ವಲಸಿಗರ ಮೇಲೆ ದಿನಗಟ್ಟಲೆ ದಾಳಿ ನಡೀತು. 2012ರಲ್ಲಿ ಆ ಕರಾವಳಿಯಲ್ಲಿ ಒಂದು ಸ್ಪರ್ಮ್ ತಿಮಿಂಗಿಲ ಸತ್ತು ದಡಕ್ಕೆ ಬಿತ್ತು. ಹೊಟ್ಟೆ ಸೀಳಿದಾಗ ಹೊರಬಂದಿದ್ದು ಹೆಚ್ಚಿನಂಶ ಗ್ರೀನ್‌ಹೌಸ್ ಹಾಳೆ.

ಅದನ್ನ ಓದಿದ ರಾತ್ರಿ ನನ್ನ ಹರಿದ ಹಾಳೆ ಎಲ್ಲಿ ಹೋಯ್ತು ಅಂತ ಅಮ್ಮನಿಗೆ ಫೋನ್ ಮಾಡಿದೆ. ದೊಡ್ಡ ತುಂಡು ರಾಗಿ ಹುಲ್ಲಿನ ಬಣವೆ ಮೇಲಿದೆ, ಇನ್ನೊಂದು ದನದ ಕೊಟ್ಟಿಗೆ ಸೋರೋ ಕಡೆ ಕಟ್ಟಿದ್ದೀನಿ ಅಂದ್ರು. ಚೂರುಪಾರು? ಬೇಲಿಗೆ ಸಿಕ್ಕಿಹಾಕ್ಕೊಂಡಿರಬೇಕು ಅಂದ್ರು. ಮುಂದಿನ ಭಾನುವಾರ ಹೋಗಿ ಆರಿಸಿದೆ. ಒಂದು ಗೋಣಿಚೀಲ ತುಂಬಿತು. ಗುಜರಿಯವನು ಮಣ್ಣು ಹತ್ತಿದೆ ಅಂತ ತಗೊಳ್ಳಲಿಲ್ಲ. ತೊಳೆದು ಒಣಗಿಸಿ ಮತ್ತೆ ಕೊಟ್ಟೆ, ಆಗ ತಗೊಂಡ.

ಹೊಸ ಹಾಳೆಗೆ ಈಗ ಹದಿನಾಲ್ಕು ತಿಂಗಳು. ಪೈಪಿನ ಸಾಲಲ್ಲಿ ಇನ್ನೂ ಗೆರೆ ಬಿದ್ದಿಲ್ಲ. ಮೊನ್ನೆ ಅಮ್ಮ ಕೇಳಿದ್ರು: "ಇನ್ನೊಂದು ಏಳು ಪೈಪಿಗೆ ಎಷ್ಟಾಗುತ್ತೆ? ಈ ಸಲ ಸರಳು ನಾನೇ ಹೊಡಿತೀನಿ, ನೀನು ಹೊಡೆದಿದ್ದು ಎರಡು ಸೊಟ್ಟಗಿದೆ."