ಮೂವತ್ತು ಪುಸ್ತಿಕೆಗಳು, ಒಂದು ಗ್ರಂಥ

ನಾನು ಈ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ವರ್ಷ ನಮ್ಮ ತಂದೆ ತೀರಿಕೊಂಡರು. ಮೂರನೆಯ ದಿನ ಮನೆಯಲ್ಲಿ ಕುರ್‌ಆನ್ ಪಾರಾಯಣವಿತ್ತು. ಮಸೀದಿಯಿಂದ ತಂದ ಮೂವತ್ತು ತೆಳು ಪುಸ್ತಿಕೆಗಳನ್ನು ಚಾಪೆಯ ಮಧ್ಯೆ ಇಟ್ಟಿದ್ದರು. ಬಂದವರು ಒಂದೊಂದನ್ನು ಎತ್ತಿಕೊಂಡು ಓದಿ ಮುಗಿಸಿ ಪಕ್ಕಕ್ಕಿಡುತ್ತಿದ್ದರು. ಸಾಂತ್ವನ ಹೇಳಲು ಬಂದಿದ್ದ ನಮ್ಮ ಇತಿಹಾಸದ ಮೇಷ್ಟ್ರು ಜಗುಲಿಯಲ್ಲಿ ಕುಳಿತು ನೋಡುತ್ತಿದ್ದರು. ಹೊರಡುವಾಗ, "ಇವು ಮೂವತ್ತೇ ಏಕೆ? ಭಾಗ ಮಾಡಿದವರು ಯಾರು? ತಿಳಿದುಕೊಂಡು ನನಗೂ ಹೇಳು" ಎಂದರು. ನಾನು ಹೇಳುವ ಮೊದಲೇ ಅವರಿಗೆ ವರ್ಗವಾಯಿತು. ಆ ಸಾಲವನ್ನು ಈ ಸಂಚಿಕೆಯಲ್ಲಿ ತೀರಿಸುತ್ತಿದ್ದೇನೆ.

ಕುರ್‌ಆನಿನಲ್ಲಿ 114 ಅಧ್ಯಾಯಗಳಿವೆ. ಇವುಗಳಿಗೆ ಸೂರಾ ಎನ್ನುತ್ತಾರೆ. ಎರಡನೆಯ ಸೂರಾ 'ಅಲ್ ಬಕರ'ದಲ್ಲಿ 286 ವಚನಗಳಿದ್ದರೆ, 'ಅಲ್ ಕೌಸರ್'ನಲ್ಲಿ ಮೂರೇ ಇವೆ. ಅಳತೆ ಇಷ್ಟು ಏರುಪೇರಾಗಿರುವಾಗ ದಿನಕ್ಕೊಂದು ಸೂರಾ ಓದುತ್ತೇನೆಂದರೆ ಲೆಕ್ಕ ಕೂಡುವುದಿಲ್ಲ. ಆದ್ದರಿಂದ ಓದುಗರಿಗೆ ಬೇರೊಂದು ಅಳತೆ ಬೇಕಾಯಿತು.

ಮೊದಲ ಅಳತೆ ವಾರದ್ದು. ಪ್ರವಾದಿ ಮುಹಮ್ಮದರ ಸಂಗಾತಿಗಳು ಮೊದಲ ದಿನ ಮೂರು ಸೂರಾ, ಆಮೇಲೆ ಕ್ರಮವಾಗಿ ಐದು, ಏಳು, ಒಂಬತ್ತು, ಹನ್ನೊಂದು, ಹದಿಮೂರು, ಏಳನೆಯ ದಿನ ಉಳಿದ ಸಣ್ಣ ಸೂರಾಗಳನ್ನೆಲ್ಲ ಓದುತ್ತಿದ್ದರೆಂದು ಹದೀಸ್‌ನಲ್ಲಿದೆ. ಆರಂಭದ ಪುಟ್ಟ ಸೂರಾ 'ಫಾತಿಹಾ' ಈ ಲೆಕ್ಕದ ಹೊರಗೆ. ಈ ಏಳು ಭಾಗಗಳೇ ಮಂಝಿಲ್, ಎಂದರೆ ದಾರಿಯ ತಂಗುದಾಣ. ಕೈರೋದಲ್ಲಿ 1304ರಿಂದ 1306ರ ನಡುವೆ ಬೈಬರ್ಸ್ ಎಂಬ ಅಧಿಕಾರಿಗಾಗಿ (ಮುಂದೆ ಅವನೇ ಸುಲ್ತಾನನಾದ) ಬಂಗಾರದಲ್ಲಿ ಬರೆದ ಕುರ್‌ಆನ್ ಏಳು ಸಂಪುಟಗಳಲ್ಲಿದೆ. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಎರಡನೆಯ ಅಳತೆ ತಿಂಗಳದ್ದು. ಮೂವತ್ತು ದಿನಕ್ಕೆ ಮೂವತ್ತು ಭಾಗ. ಅರಬ್ಬಿಯಲ್ಲಿ ಇದು ಜುಝ್, ನಮ್ಮಲ್ಲಿ ಪಾರಾ ಅಥವಾ ಸಿಪಾರಾ. ಪಾರ್ಸಿಯಲ್ಲಿ 'ಸೀ' ಎಂದರೆ ಮೂವತ್ತು, 'ಪಾರಾ' ಎಂದರೆ ತುಂಡು. ಕ್ರಿ.ಶ. 714ರಲ್ಲಿ ತೀರಿಕೊಂಡ ಇರಾಕಿನ ರಾಜ್ಯಪಾಲ ಹಜ್ಜಾಜ್ ಬಿನ್ ಯೂಸುಫ್ ಪಾರಾಯಣಗಾರರನ್ನು ಕೂಡಿಸಿ ಗ್ರಂಥದ ಅಕ್ಷರಗಳನ್ನೇ ಎಣಿಸಿಸಿ, ಅರ್ಧ ಎಲ್ಲಿ, ಮೂರನೆಯ ಒಂದು ಪಾಲು ಎಲ್ಲಿ ಎಂದು ಕೇಳಿದನೆಂಬ ಹೇಳಿಕೆ ಹಳೆಯ ಗ್ರಂಥಗಳಲ್ಲಿದೆ. ಇರಾನಿನ ಹಮದಾನಿನಲ್ಲಿ 1313ರಲ್ಲಿ ಸುಲ್ತಾನ ಒಲ್ಜೈತುವಿಗಾಗಿ ಸಿದ್ಧವಾದ ಪ್ರತಿ ಮೂವತ್ತು ಭಾಗಗಳಲ್ಲಿತ್ತು. ನಮ್ಮ ಚಾಪೆಯ ಮೇಲಿದ್ದ ಪುಸ್ತಿಕೆಗಳು ಅದೇ ಪದ್ಧತಿಯವು.

ಪಾರಾ ನೋಡುವುದು ಉದ್ದವನ್ನು, ಅರ್ಥವನ್ನಲ್ಲ. 'ಅಲ್ ಬಕರ'ದ 142ನೆಯ ವಚನಕ್ಕೆ ಬಂದಾಗ ಸೂರಾ ಮುಗಿದಿರುವುದಿಲ್ಲ, ಆದರೆ ಎರಡನೆಯ ಪಾರಾ ಶುರುವಾಗುತ್ತದೆ. ನಾಲ್ಕನೆಯ ಪಾರಾ ನಮ್ಮ ದೇಶದ ಮುದ್ರಣಗಳಲ್ಲಿ ಮೂರನೆಯ ಸೂರಾದ 92ನೆಯ ವಚನದಿಂದ, ಅರಬ್ ಮುದ್ರಣಗಳಲ್ಲಿ 93ರಿಂದ ಆರಂಭವಾಗುತ್ತದೆ. ಗ್ರಂಥ ಒಂದೇ, ವಚನಗಳೂ ಅವೇ. ಗೆರೆ ಮಾತ್ರ ಓದುಗರು ಎಳೆದದ್ದು. ಅರಬರು ಪ್ರತಿ ಜುಝನ್ನು ಎರಡು ಹಿಝ್ಬ್ ಮಾಡಿ, ಒಂದೊಂದನ್ನು ಮತ್ತೆ ನಾಲ್ಕಾಗಿಸುತ್ತಾರೆ. ಒಟ್ಟು 240 ಕಾಲುಭಾಗಗಳು.

ಅರ್ಥವನ್ನು ನೋಡಿ ಮಾಡಿದ ವಿಭಾಗ ರುಕೂ. ನಮಾಜಿನಲ್ಲಿ ನಿಂತು ಒಂದು ವಿಷಯ ಮುಗಿಯುವವರೆಗೆ ಓದಿ, ಆಮೇಲೆ ಬಾಗುವುದು. ಬಾಗುವುದಕ್ಕೆ ರುಕೂ ಎಂದೇ ಹೆಸರು. ನಮ್ಮ ಪ್ರತಿಗಳ ಅಂಚಿನಲ್ಲಿ ಇದಕ್ಕೆ 'ಐನ್' ಅಕ್ಷರದ ಗುರುತಿದೆ. ಅದರ ಮೇಲಿನ ಅಂಕಿ ಸೂರಾದಲ್ಲಿ ಎಷ್ಟನೆಯ ರುಕೂ ಎಂಬುದನ್ನು, ನಡುವಿನದು ಅದರಲ್ಲಿರುವ ವಚನಗಳ ಸಂಖ್ಯೆಯನ್ನು, ಕೆಳಗಿನದು ಪಾರಾದಲ್ಲಿ ಎಷ್ಟನೆಯದು ಎಂಬುದನ್ನು ಹೇಳುತ್ತದೆ.

ಮೂವತ್ತನೆಯ ಪಾರಾದಲ್ಲಿ 37 ಸಣ್ಣ ಸೂರಾಗಳಿವೆ. ಮೊದಲ ಪದದಿಂದ ಅದಕ್ಕೆ 'ಅಮ್ಮ ಪಾರಾ' ಎಂಬ ಹೆಸರು ಬಂದಿದೆ. ಮಕ್ಕಳು ಸಾಮಾನ್ಯವಾಗಿ ಮೊದಲು ಕಲಿಯುವುದು ಇದನ್ನೇ. ನಮ್ಮ ತಾಯಿಗೆ ಓದಲು ಬರುತ್ತಿದ್ದುದು ಅದೊಂದೇ. ಅಂದು ಇಪ್ಪತ್ತೊಂಬತ್ತು ಪುಸ್ತಿಕೆಗಳು ಮುಗಿದು ಪಕ್ಕಕ್ಕೆ ಸೇರಿದ್ದವು. ಕೊನೆಯದನ್ನು ಯಾರೂ ಮುಟ್ಟದೆ ಒಳಮನೆಗೆ ಕಳುಹಿಸಿದರು. ಆಕೆ ನಿಧಾನವಾಗಿ, ಬೆರಳಿಟ್ಟು ಓದಿದರು. ಹೊರಗೆ ಅಷ್ಟೂ ಜನ ಅವರು ಮುಗಿಸುವವರೆಗೆ ಕಾದರು. ಅದಿಲ್ಲದೆ ಗ್ರಂಥ ಪೂರ್ಣವಾಗುತ್ತಿರಲಿಲ್ಲ.

ಮೇಷ್ಟ್ರೇ, ಭಾಗ ಮಾಡಿದವರು ಒಬ್ಬರಲ್ಲ. ಒಬ್ಬೊಬ್ಬರಿಗೂ ಒಂದು ಪಾಲು ಸಿಗಲೆಂದು ತಲೆಮಾರುಗಳ ಓದುಗರೇ ಮಾಡಿಕೊಂಡರು.