ಪಿಯಾನೊ ಕಲಿತ ಅರಸರು



ಜಯನಗರದ ಅಶೋಕಸ್ತಂಭದ ಬಳಿ ನೀವು ಎಷ್ಟೋ ಸಲ ಹಾದುಹೋಗಿರಬಹುದು. 1948ರಲ್ಲಿ ರಾಜಾಜಿಯವರು ಆ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. ಆ ಕಾಲದಲ್ಲೇ ಮೈಸೂರಿನ ಒಡೆಯರ ನೆರವಿನಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಎಂಬ ಸಂಸ್ಥೆ ಹುಟ್ಟಿತು. ಮೊದಲನೆಯದನ್ನು ಊರೇ ಬಲ್ಲದು. ಎರಡನೆಯದನ್ನು ಬಲ್ಲವರು ವಿರಳ.

ಜಯಚಾಮರಾಜ ಒಡೆಯರಿಗೆ ಪಿಯಾನೊ ವಾದಕರಾಗುವ ಹಂಬಲವಿತ್ತು. ಅರಮನೆಗೆ ಆ ವಾದ್ಯ ಹೊಸದಲ್ಲ. ಅವರ ಸೋದರಿ ವಿಜಯಾದೇವಿಯವರಿಗೆ ಅದನ್ನು ಕಲಿಸಿದವರು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಧರ್ಮಭಗಿನಿ ಇಗ್ನೇಷಿಯಸ್ ಎಂಬುದನ್ನು ನಮ್ಮ ಓದುಗರು ಸಂತೋಷದಿಂದ ಗಮನಿಸಿಯಾರು. ಆದರೆ 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರು ತೀರಿಕೊಂಡರು. ಇಪ್ಪತ್ತೊಂದರ ತರುಣನಿಗೆ ಸಿಂಹಾಸನ ಒದಗಿತು, ವೇದಿಕೆ ತಪ್ಪಿತು. ಆದರೂ ಅಭ್ಯಾಸ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ದೊರೆಯಿತು.

ಇವರ ಮನಸ್ಸನ್ನು ಸೆಳೆದ ನಿಕೊಲಾಯ್ ಮೆಟ್ನರ್ ಸುಲಭದ ಸಂಗೀತಕಾರರಲ್ಲ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1921ರಲ್ಲಿ ರಷ್ಯಾ ತೊರೆದು, 1935ರಿಂದ ಲಂಡನ್ನಿನಲ್ಲಿ ನೆಲೆಸಿದವರು. ಇಪ್ಪತ್ತನೆಯ ಶತಮಾನದಲ್ಲಿ ಬರೆದರೂ ಆ ಕಾಲದ ಹೊಸ ಪಂಥಗಳನ್ನು ಒಪ್ಪದವರು. ಅವರ ಕೃತಿಗಳಲ್ಲಿ ಒಂದು ಕೈ ಮೂರರ ಎಣಿಕೆಯಲ್ಲಿ ನಡೆದರೆ ಇನ್ನೊಂದು ಎರಡು ಅಥವಾ ನಾಲ್ಕರಲ್ಲಿ ನಡೆಯುವುದುಂಟು. ತಿಶ್ರವನ್ನೂ ಚತುರಶ್ರವನ್ನೂ ಒಬ್ಬನೇ ಏಕಕಾಲಕ್ಕೆ ನುಡಿಸಿದಂತೆ ಎನ್ನಿ! ಸೆಮಿನರಿಯಲ್ಲಿ ಹಾರ್ಮೋನಿಯಂ ಮುಂದೆ ಕುಳಿತು ಎರಡು ಕೈಗಳನ್ನು ಹೊಂದಿಸಲು ಹೆಣಗಿದ ನನಗೆ ಇದರ ಕಷ್ಟ ತುಸು ತಿಳಿದಿದೆ. ಇಂಥ ಸಂಗೀತದ ಒಳದನಿಗಳು ಒಂದೇ ಆಲಿಕೆಗೆ ಸಿಕ್ಕುವುದಿಲ್ಲ. ಬೆರಳು ಸವೆಸಿದವನ ಕಿವಿಗೆ ಅವು ಬೇಗ ಕೇಳಿಸುತ್ತವೆ. ಮಹಾರಾಜರ ಔದಾರ್ಯವನ್ನು ಬರಿಯ ಸಿರಿವಂತಿಕೆ ಎಂದು ತಳ್ಳಿಹಾಕುವವರಿಗೆ ನಾನು ಹೇಳಬಯಸುವುದು ಇಷ್ಟೇ.

ಮೆಟ್ನರರಿಗೆ ಆಗ ಎಪ್ಪತ್ತರ ಹತ್ತಿರ, ಹೃದ್ರೋಗ, ಬಡತನ. ಒಡೆಯರ ಧನಸಹಾಯದಿಂದ ಅವರು ತಮ್ಮ ಮೂರು ಪಿಯಾನೊ ಕಾನ್ಚೆರ್ಟೊಗಳನ್ನೂ ಇತರ ಹಲವು ಕೃತಿಗಳನ್ನೂ ಸ್ವತಃ ನುಡಿಸಿ ಎಚ್‌ಎಂವಿ ತಟ್ಟೆಗಳಲ್ಲಿ ಉಳಿಸಿದರು. ತಮ್ಮ ಕೃತಿಯನ್ನು ತಾವೇ ಹೇಗೆ ಅರ್ಥೈಸುತ್ತಿದ್ದರು ಎಂಬುದಕ್ಕೆ ಇಂದಿನ ವಾದಕರಿಗೆ ಆ ಮುದ್ರಿಕೆಗಳೇ ಸಾಕ್ಷಿ. 1949ರಲ್ಲಿ ಮೈಸೂರಿಗೆ ಬಂದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಅರಮನೆಯ ತಟ್ಟೆಗಳ ಭಂಡಾರವನ್ನೂ ಹಲವು ದೊಡ್ಡ ಪಿಯಾನೊಗಳನ್ನೂ ಕಂಡು ಬೆರಗಾದರು. ಅವರ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷಗಳ ನೆರವಿನ ಭರವಸೆ ಸಿಕ್ಕಿತು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸರ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಹಾಡಲ್ಪಟ್ಟಾಗಲೂ ಬೆಂಬಲವಾಗಿ ನಿಂತವರು ಇವರೇ.

ಇಷ್ಟಾದರೂ ಅವರು ನಮ್ಮ ಸಂಗೀತವನ್ನು ಮರೆಯಲಿಲ್ಲ. ಕರ್ನಾಟಕ ಸಂಪ್ರದಾಯದಲ್ಲಿ 94 ಕೃತಿಗಳನ್ನು ರಚಿಸಿದರು. ಮೆಟ್ನರ್ 1951ರ ನವೆಂಬರಿನಲ್ಲಿ ಕಣ್ಮುಚ್ಚಿದರು. ಅವರ ಮೂರನೆಯ ಕಾನ್ಚೆರ್ಟೊ ಕೃತಜ್ಞತೆಯೊಂದಿಗೆ ಅರ್ಪಿತವಾಗಿರುವುದು ಮೈಸೂರಿನ ಮಹಾರಾಜರಿಗೆ.